ಬಾರ್‌ಬೆಲ್ಲಿನ ಬಾಣಂತಿ

ಹೈದರಾಬಾದಿನ ಕುಷಾಯಿಗೂಡದ ನಮ್ಮ ಕಾಲನಿಯಲ್ಲಿ ಯಾರ ಮನೆಯ ಗ್ಯಾಸ್ ಮುಗಿದರೂ ಮೊದಲ ಕರೆ ಬರುತ್ತಿದ್ದದ್ದು ನನಗೆ. ಗಂಡಸರೆಲ್ಲ ಎಲೆಕ್ಟ್ರಾನಿಕ್ಸ್ ಫ್ಯಾಕ್ಟರಿಯ ಬೆಳಗಿನ ಪಾಳಿಗೆ ಹೋಗಿರುತ್ತಿದ್ದರು. ತುಂಬಿದ ಸಿಲಿಂಡರು ಪಡಸಾಲೆಯಲ್ಲಿ ಹಾಯಾಗಿ ಕೂತಿರುತ್ತಿತ್ತು, ಒಲೆಯ ಮೇಲೆ ಬೇಳೆ ಅರ್ಧ ಬೆಂದು ನಿಂತಿರುತ್ತಿತ್ತು. ನಾನು ಹೋಗಿ ಅದನ್ನು ಉರುಳಿಸದೆ, ಎಳೆಯದೆ, ಅನಾಮತ್ತಾಗಿ ಎತ್ತಿ ಅಡುಗೆಮನೆಯಲ್ಲಿಟ್ಟು, ಕೊಟ್ಟರೆ ಒಂದು ಚಕ್ಕುಲಿ ತಿಂದು ಬರುತ್ತಿದ್ದೆ. ಕೊಡದವರ ಮನೆಗೆ ಮುಂದಿನ ಸಲ ಸ್ವಲ್ಪ ತಡವಾಗಿ ಹೋಗುತ್ತಿದ್ದೆ.

ನಮ್ಮಪ್ಪ ಆ ಫ್ಯಾಕ್ಟರಿಯಲ್ಲೇ ಕೆಲಸ ಮಾಡುತ್ತಿದ್ದರು. ವಿಜಾಪುರ, ಗುಲಬರ್ಗಾ, ರಾಯಚೂರು ಕಡೆಯಿಂದ ಬಂದ ಹತ್ತಾರು ಮನೆಗಳು ಆ ಕಾಲನಿಯಲ್ಲಿದ್ದವು. ರಸ್ತೆಗಿಳಿದರೆ ತೆಲುಗು, ಅಂಗಡಿಗೆ ಹೋದರೆ ಹಿಂದಿ, ಹೊಸ್ತಿಲು ದಾಟಿ ಒಳಗೆ ಬಂದರೆ ಅಚ್ಚ ವಿಜಾಪುರ. ಪಕ್ಕದ ಮನೆಯ ಕಾಕು ಎಲ್ಲರಿಗಿಂತ ಹೆಚ್ಚು ಸಲ ನನ್ನಿಂದ ಸಿಲಿಂಡರ್ ಎತ್ತಿಸಿದವರು. ಎತ್ತಿ ಇಟ್ಟ ಕೂಡಲೆ, "ಹಿಂಗ ಗಂಡಸರಂಗ ಎತ್ತಬಾರದವಾ, ಹೆಣ್ಣುಹುಡುಗೀಗಿ ಚೆಂದ ಕಾಣಂಗಿಲ್ಲ" ಎಂದು ಬುದ್ಧಿ ಹೇಳುತ್ತಿದ್ದವರೂ ಅವರೇ. ಬುದ್ಧಿಮಾತನ್ನು ಎತ್ತುವ ಮೊದಲೇ ಯಾಕೆ ಹೇಳುವುದಿಲ್ಲ ಎಂದು ಒಮ್ಮೆ ಕೇಳಿದೆ. ಕಾಕು ಮುಖ ಊದಿಸಿಕೊಂಡರು. ಆದರೆ ಮುಂದಿನ ಸಿಲಿಂಡರಿಗೆ ಮತ್ತೆ ಕೂಗಿದರು.

ಎಂ.ಎಸ್ಸಿ. ಓದಲು ತಾರ್ನಾಕದ ವಿಶ್ವವಿದ್ಯಾಲಯದ ಕಾಲೇಜಿಗೆ ಸೇರಿದೆ. ಹೈದರಾಬಾದು ಆಗ ಇಡೀ ಆಂಧ್ರಪ್ರದೇಶದ ರಾಜಧಾನಿ. ಕರಾವಳಿಯವರು, ರಾಯಲಸೀಮೆಯವರು, ನಮ್ಮಂಥ ಅತ್ತಲೂ ಅಲ್ಲದ ಇತ್ತಲೂ ಅಲ್ಲದವರು, ಎಲ್ಲರೂ ಒಂದೇ ಬಸ್ಸಿನಲ್ಲಿ ಜೋತುಬಿದ್ದು ಕ್ಯಾಂಪಸ್ಸಿಗೆ ಹೋಗುತ್ತಿದ್ದೆವು. ಬ್ಯಾಡ್ಮಿಂಟನ್ ಆಡೋಣ ಎಂದು ಅಲ್ಲಿಯ ಹಳೆಯ ವ್ಯಾಯಾಮಶಾಲೆಗೆ ಹೋದವಳು ಮೂಲೆಯಲ್ಲಿ ಒಬ್ಬ ಹುಡುಗಿ ಬಾರ್‌ಬೆಲ್ ಎತ್ತುವುದನ್ನು ಕಂಡು ಅಲ್ಲೇ ನಿಂತುಬಿಟ್ಟೆ. ಬ್ಯಾಟು ಕೈಯಲ್ಲೇ ಉಳಿಯಿತು. ಕೋಚ್ ಸರ್ ಕರೆದು, ಬರಿಯ ಬಾರನ್ನು ತೋರಿಸಿ, ಎತ್ತು ಅಂದರು. ಎತ್ತಿದೆ. ಎರಡೂ ಕಡೆ ಕಬ್ಬಿಣದ ತಟ್ಟೆ ಹಾಕಿದರು. ಎತ್ತಿದೆ. ಇನ್ನಷ್ಟು ಹಾಕಿದರು. ಅದು ನೆಲಕ್ಕೆ ಅಂಟಿಕೊಂಡೇ ಇದೆ ಅನ್ನಿಸಿ, ಆಮೇಲೆ ತಟಕ್ಕನೆ ನೆಲ ಬಿಟ್ಟಿತು ನೋಡಿ, ಆ ಗಳಿಗೆಯ ಖುಷಿಯನ್ನು ನಾನು ಇವತ್ತಿಗೂ ಸರಿಯಾಗಿ ಹೇಳಲಾರೆ. ನನಗೆ ಜೋರಾಗಿ ನಗು ಬಂತು. ಭಾರ ಎತ್ತುವಾಗ ನಗಬಾರದು, ಉಸಿರು ಹೋಗುತ್ತದೆ ಎಂದು ಸರ್ ಬೈದರು. ಅವತ್ತಿನಿಂದ ನಾನು ಅವರ ಶಿಷ್ಯೆ.

ಪವರ್‌ಲಿಫ್ಟಿಂಗ್ ಎಂದರೆ ಮೂರು ಬಗೆಯ ಎತ್ತುವಿಕೆ. ಹೆಗಲ ಮೇಲೆ ಬಾರಿಟ್ಟು ಕೂತು ಏಳುವುದು ಒಂದು, ಮಲಗಿ ಎದೆಯಿಂದ ಮೇಲಕ್ಕೆ ಒತ್ತುವುದು ಒಂದು, ನೆಲದ ಮೇಲಿನ ಬಾರನ್ನು ಹಿಡಿದು ನೆಟ್ಟಗೆ ನಿಲ್ಲುವುದು ಮತ್ತೊಂದು. ಕೊನೆಯದು ಡೆಡ್‌ಲಿಫ್ಟ್, ಅದೇ ನನ್ನ ಪ್ರೀತಿಯದು. ಸಂಕ್ರಾಂತಿಯ ನಂತರ ಅಂತರಕಾಲೇಜು ಪಂದ್ಯ ಇತ್ತು. ಅಲ್ಲಿ ಪ್ರತಿ ತೂಕದ ವಿಭಾಗದಲ್ಲೂ ಮೊದಲ ಇಬ್ಬರಿಗೆ ವಿಶ್ವವಿದ್ಯಾಲಯದ ತಂಡದಲ್ಲಿ ಜಾಗ. ಆ ತಂಡದ ನೀಲಿ ಬಣ್ಣದ ಕೋಟು ನನಗೆ ಬೇಕಿತ್ತು. ಬೇಕಿತ್ತು ಅಂದರೆ ಊಟ ಮಾಡುವಾಗ, ಬಸ್ಸಿನಲ್ಲಿ, ಪ್ರಯೋಗಶಾಲೆಯಲ್ಲಿ, ಎಲ್ಲಿದ್ದರೂ ಅದೇ ಧ್ಯಾನ.

ಕೋಚ್ ಸರ್ ನಿಧಾನದ ಮನುಷ್ಯ. ವಾರಕ್ಕೆ ಒಂದು ಚಿಕ್ಕ ತಟ್ಟೆ ಹೆಚ್ಚಿಸಿದರೆ ಅದೇ ದೊಡ್ಡದು ಅವರಿಗೆ. ನನಗೆ ಅಷ್ಟು ಸಹನೆ ಎಲ್ಲಿಂದ ಬರಬೇಕು? ತಾರ್ನಾಕದ ಒಂದು ಗಲ್ಲಿಯಲ್ಲಿ ಖಾಸಗಿ ಜಿಮ್ಮು ಇತ್ತು. ಅದನ್ನು ನಡೆಸುವವರನ್ನು ಎಲ್ಲರೂ ಉಸ್ತಾದ್ ಅನ್ನುತ್ತಿದ್ದರು. ಎದೆ ಕದದಷ್ಟು ಅಗಲ, ಮಾತು ಬೆಲ್ಲ. ಸಂಜೆ ಅಲ್ಲಿಗೂ ಹೋಗತೊಡಗಿದೆ. "ಖಾಲಿ ದಾಲ್ ಚಾವಲ್ ಸೆ ಕ್ಯಾ ಹೋತಾ ಬೇಟಿ" ಎಂದು ಬರೀ ಬೇಳೆ ಅನ್ನವನ್ನು ಹಳಿದು ಅವರು ಒಂದು ದೊಡ್ಡ ಡಬ್ಬಿಯಿಂದ ಕಂದು ಪುಡಿಯನ್ನು ಚಮಚದಲ್ಲಿ ತೆಗೆದು ಪ್ಲಾಸ್ಟಿಕ್ ಚೀಲಕ್ಕೆ ಸುರಿದು ಕೊಟ್ಟರು. ಡಬ್ಬಿಯ ಮೇಲೆ ಸ್ನಾಯುಗಳೇ ತುಂಬಿದ ಒಬ್ಬ ವಿದೇಶಿಯ ಚಿತ್ರ ಇತ್ತು. ಒಳಗಿನ ಪುಡಿ ಅದೇ ಡಬ್ಬಿಯದೋ, ಬೇರೆ ಯಾವುದನ್ನೋ ಅದರಲ್ಲಿ ತುಂಬಿದ್ದರೋ, ದೇವರಿಗೇ ಗೊತ್ತು. ಉಸ್ತಾದರು ಮೋಸಗಾರರಲ್ಲ, ತಾವೂ ಅದನ್ನೇ ಕುಡಿಯುತ್ತಿದ್ದರು. ಆದರೆ ಅವರ ಬಲಗೈ ಕಿವಿಯಿಂದ ಮೇಲಕ್ಕೆ ಹೋಗುತ್ತಿರಲಿಲ್ಲ, ಎಡಗೈಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದರು. ಅದನ್ನು ನಾನು ದಿನಾ ನೋಡುತ್ತಿದ್ದೆ. ನೋಡಿಯೂ ಪುಡಿಯನ್ನು ಹಾಲಿಗೆ ಹಾಕಿ ಗಟಗಟ ಕುಡಿದೆ.

ಮೊದಲ ವಾರ ಸ್ವರ್ಗಕ್ಕೆ ಮೂರೇ ಗೇಣು. ಎದೆ ಢವಢವ ಬಡಿದುಕೊಳ್ಳುತ್ತಿತ್ತು, ನಿದ್ದೆ ಹತ್ತಿರ ಸುಳಿಯುತ್ತಿರಲಿಲ್ಲ, ಬೆರಳು ಸಣ್ಣಗೆ ನಡುಗುತ್ತಿದ್ದವು. ಅದನ್ನೆಲ್ಲ ನಾನು ಶಕ್ತಿ ಎಂದೇ ತಿಳಿದೆ. ಸರ್ ಹೇಳಿದ ಭಾರ ನನಗೆ ಮಕ್ಕಳಾಟಿಕೆ ಅನ್ನಿಸತೊಡಗಿತು. ಒಂದು ಸಂಜೆ ಉಸ್ತಾದರು, "ಔರ್ ಡಾಲೋ" ಅಂದರು. ಇನ್ನಷ್ಟು ತಟ್ಟೆ ಹಾಕಿದೆವು. ಬಾರು ನೆಲ ಬಿಟ್ಟಿತು, ಮೊಣಕಾಲಿನವರೆಗೆ ಬಂತು, ಅಷ್ಟರಲ್ಲಿ ನಡುವಿನ ಬಲಗಡೆ ಹೊಸ ಬಟ್ಟೆ ಹರಿದಂತೆ ಏನೋ ಪರ್ರ್ ಅಂದಿತು. ಬಾರು ಧಡ್ ಎಂದು ಬಿತ್ತು. ನಾನೂ ಬಿದ್ದೆ. ಆಟೊದವನು, ಉಸ್ತಾದರು, ಇಬ್ಬರು ಹುಡುಗಿಯರು ಸೇರಿ ನನ್ನನ್ನು ಮನೆಗೆ ತಂದು ಇಳಿಸಿದರು. ಸಿಲಿಂಡರ್ ಎತ್ತುವವಳನ್ನೇ ನಾಲ್ಕು ಜನ ಎತ್ತಿಕೊಂಡು ಬರುವುದನ್ನು ಕಾಕು ತಮ್ಮ ಕಿಟಕಿಯಿಂದ ನೋಡಲು ಆ ಹೊತ್ತಿಗೆ ಮನೆಯಲ್ಲಿರಲಿಲ್ಲ, ಗುಲಬರ್ಗಾಕ್ಕೆ ಹೋಗಿದ್ದರು. ಅದೊಂದು ಸಮಾಧಾನ.

ಎಲುಬಿನ ಡಾಕ್ಟರು ಗಟ್ಟಿ ದನಿಯ ತೆಲುಗು ಹೆಂಗಸು. ಮುಟ್ಟಿ, ಬಗ್ಗಿಸಿ, ಎಕ್ಸ್‌ರೇ ತೆಗೆಸಿ ನೋಡಿದ ಮೇಲೆ ಕೇಳಿದ ಮೊದಲ ಪ್ರಶ್ನೆಯೇ, ಏನು ತಿನ್ನುತ್ತೀ ಅಂತ. ಅವ್ವ ಪುಡಿಯ ಚೀಲವನ್ನು ಮುಂದಿಟ್ಟಳು. ಡಾಕ್ಟರು ಮೂಸಿ ನೋಡಿ, ಇದರಲ್ಲಿ ಏನಿದೆ ಅನ್ನುವುದು ಮಾರಿದವನಿಗೂ ಗೊತ್ತಿರಲಿಕ್ಕಿಲ್ಲ ಅಂದರು. ಮೈಗೆ ಪ್ರೊಟೀನು ಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಹೆಸರು ದೆಸೆಯಿಲ್ಲದ ಪುಡಿ ಮೈಯನ್ನು ಕೆರಳಿಸಿಬಿಡುತ್ತದೆ, ದಣಿವು ಗೊತ್ತಾಗುವುದಿಲ್ಲ, ಎಲ್ಲಿ ನಿಲ್ಲಿಸಬೇಕು ಅನ್ನುವುದೂ ಗೊತ್ತಾಗುವುದಿಲ್ಲ. ಸ್ನಾಯು ಬೇಗ ಬಲಿಯುತ್ತದೆ, ಅದನ್ನು ಎಲುಬಿಗೆ ಕಟ್ಟಿದ ತಂತು ಅಷ್ಟು ಬೇಗ ಬಲಿಯುವುದಿಲ್ಲ. ಇಷ್ಟನ್ನು ಸಮಾಧಾನವಾಗಿ ಹೇಳಿ, ಆಮೇಲೆ ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು. ಇದು ವಾಸಿಯಾಗುತ್ತದೆ. ಆದರೆ ಅದೇ ಜಾಗ ಇನ್ನೊಮ್ಮೆ ಹರಿದರೆ ಬಾರು ಹೋಗಲಿ, ನೀರಿನ ಕೊಡ ಎತ್ತುವುದಕ್ಕೂ ಯೋಚಿಸಬೇಕಾಗುತ್ತದೆ.

ನಾನು ಅಲ್ಲೇ ಅತ್ತುಬಿಟ್ಟೆ. ನೋವಿಗಲ್ಲ. ಜೀವನದಲ್ಲಿ ಮೊದಲ ಸಲ ನನಗೆ ಏನೋ ಒಂದು ಚೆನ್ನಾಗಿ ಬರುತ್ತಿತ್ತು, ಅದು ಹೋಗಿಬಿಡುತ್ತದಲ್ಲ ಎಂದು ಅತ್ತೆ.

ಮನೆಗೆ ಬಂದ ಮೇಲೆ ಆಯಿ ಅಧಿಕಾರ ವಹಿಸಿಕೊಂಡಳು. ಆಯಿ ಅಂದರೆ ಅಪ್ಪನ ತಾಯಿ. ಕಾಲನಿಯ ಕನ್ನಡ ಮನೆಗಳಲ್ಲಿ ಯಾರೇ ಹೆರಲಿ, ಬಾಣಂತನಕ್ಕೆ ಆಯಿಯ ಸಲಹೆ ಬೇಕು. ಎಷ್ಟು ಕೂಸುಗಳಿಗೆ ನೀರು ಹಾಕಿದ್ದಳೋ ಅವಳಿಗೇ ನೆನಪಿರಲಿಲ್ಲ. ಹೆಣ್ಣಿನ ನಡುವಿಗೆ ಪೆಟ್ಟಾಗಿದೆ, ವಿಶ್ರಾಂತಿ ಬೇಕು ಎಂದು ಅಪ್ಪ ಹೇಳಿದ್ದೇ ತಡ, ಅವಳಿಗೆ ಎಲ್ಲ ಸ್ಪಷ್ಟವಾಯಿತು. ಹೆಣ್ಣು, ನಡು, ವಿಶ್ರಾಂತಿ. ಇದಕ್ಕೆ ಅವಳಿಗೆ ಗೊತ್ತಿದ್ದದ್ದು ಒಂದೇ ಚಿಕಿತ್ಸೆ.

"ಬಾಣಂತನ ಮಾಡೂನು ಇಕೀಗಿ" ಅಂದಳು.

"ಯವ್ವಾ, ಇಕಿ ಹಡದಿಲ್ಲ" ಅಂದರು ಅಪ್ಪ.

"ಹಡೀಲಿಕ್ಕೇ ಬೇಕೇನು? ನಡು ಬಿಟ್ಟೈತಲ್ಲ, ಅಷ್ಟಾದ್ರ ಸಾಕು."

ನನ್ನ ಪುಡಿಯ ಚೀಲ ಅವ್ವನ ಕೈಯಲ್ಲೇ ಇತ್ತು. ಆಯಿ ಅದನ್ನು ಬೆರಳಿಗೆ ಹಚ್ಚಿ ನೆಕ್ಕಿ ನೋಡಿ, ಇದನ್ನು ಯಾವ ಬಾಣಂತಿಗೆ ಕೊಟ್ಟು ನೋಡ್ಯಾರ, ಅಂತ ಕೇಳಿದಳು. ಯಾರಿಗೂ ಕೊಟ್ಟಿರಲಿಕ್ಕಿಲ್ಲ ಅಂದೆ. "ಬಾಣಂತಿಗೆ ಕೊಡಲಾರದ್ದನ್ನ ನೀನೂ ತಿನ್ನಬ್ಯಾಡ" ಎಂದು ತೀರ್ಪು ಕೊಟ್ಟು ಚೀಲವನ್ನು ಮೋರಿಗೆ ಸುರಿದಳು. ವೈದ್ಯಶಾಸ್ತ್ರದ ಎಲ್ಲ ಪ್ರಶ್ನೆಗಳಿಗೂ ಅವಳ ಹತ್ತಿರ ಇದೊಂದೇ ಅಳತೆಗೋಲು.

ಮರುದಿನದಿಂದ ಹಿಂದಿನ ಕೋಣೆ ಬಾಣಂತಿ ಕೋಣೆಯಾಯಿತು. ಕಿಟಕಿಗೆ ಪರದೆ, ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಗೆ, ಲೋಬಾನದ ಹೊಗೆ. ಬೆಳಿಗ್ಗೆ ಎಣ್ಣೆ ತಿಕ್ಕಿ ಸುಡುಸುಡು ನೀರು. ತಲೆಗೆ, ಕಿವಿ ಮುಚ್ಚುವಂತೆ ಬಿಳಿ ಬಟ್ಟೆ. ನಡುವಿಗೆ ಆಯಿಯ ಹಳೆಯ ಇಳಕಲ್ ಸೀರೆ, ನನ್ನನ್ನು ಬುಗುರಿಯ ಹಾಗೆ ತಿರುಗಿಸಿ ತಿರುಗಿಸಿ ಸುತ್ತಿದ್ದು. ಊಟಕ್ಕೆ ಸಬ್ಬಸಿಗೆ ಪಲ್ಯ, ಬೆಳ್ಳುಳ್ಳಿ ಖಾರ, ಬಿಸಿ ಅನ್ನದ ಮೇಲೆ ತುಪ್ಪದ ಕೆರೆ. ನಾಲ್ಕು ಗಂಟೆಗೆ ಅಳವಿ ಬೀಜದ ಪಾಯಸ. ಎಲ್ಲಕ್ಕೂ ಮಿಗಿಲಾಗಿ ಅಂಟಿನ ಉಂಡಿ. ಅಂಟನ್ನು ತುಪ್ಪದಲ್ಲಿ ಅರಳಿಸಿ, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಗಸಗಸೆ, ಬೆಲ್ಲ ಹಾಕಿ ಕಟ್ಟಿದ್ದು. ಅಂಟು ಅರಳುವ ಆ ಘಮ ನಮ್ಮ ಕಡೆಯ ಯಾವ ಹೆಂಗಸಿನ ಮೂಗಿಗೆ ಬಡಿದರೂ ಅರ್ಥ ಒಂದೇ. ಈ ಮನೆಯಲ್ಲಿ ಯಾರೋ ಹಡೆದಿದ್ದಾರೆ.

ಕಾಕು ಅಷ್ಟರಲ್ಲಿ ಗುಲಬರ್ಗಾದಿಂದ ವಾಪಸು ಬಂದಿದ್ದರು. ಮೊದಲು ಘಮ ಬಂತು, ಆಮೇಲೆ ಹಿತ್ತಲಲ್ಲಿ ಲೋಬಾನದ ಹೊಗೆ ಕಂಡಿತು, ಆಮೇಲೆ ಹಗ್ಗದ ಮೇಲೆ ಒಣಗಲು ಹಾಕಿದ ಮೆತ್ತನೆಯ ಹಳೆ ಬಟ್ಟೆಗಳು. ಕಾಕು ಲೆಕ್ಕ ಹಾಕಿದರು. ಸೊಲ್ಲಾಪುರಕ್ಕೆ ಕೊಟ್ಟ ನನ್ನ ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ, ದಿನ ತುಂಬುವ ಮೊದಲೇ ಹೆತ್ತಿದ್ದಾಳೆ, ದೃಷ್ಟಿ ತಾಗೀತು ಅಂತ ಮನೆಯವರು ಬಾಯಿ ಬಿಡುತ್ತಿಲ್ಲ. ಅಕ್ಕ ಆಗ ಸೊಲ್ಲಾಪುರದಲ್ಲಿ ಆರಾಮಾಗಿ ಶೇಂಗಾ ಚಟ್ನಿ ಕುಟ್ಟುತ್ತಿದ್ದಳು, ಬಸುರಿಯೂ ಆಗಿರಲಿಲ್ಲ.

ಒಂದು ಮಧ್ಯಾಹ್ನ ಬಾಗಿಲ ಬಳಿ ಬಳೆಗಳ ಸದ್ದು. ಕಾಕು, ಅವರ ಹಿಂದೆ ಕಾಲನಿಯ ನಾಲ್ಕೈದು ಹೆಂಗಸರು. ಕೈಯಲ್ಲಿ ಕೂಸಿನ ಅಂಗಿ, ಉಲ್ಲನ್ನಿನ ಟೊಪ್ಪಿಗೆ, ಒಂದು ಗಿಲಕಿ, ಬಾಣಂತಿಗೆ ಕೊಬ್ಬರಿ ಬಟ್ಟಲು. ಅವ್ವ ಬಾಯಿ ತೆರೆಯುವ ಮೊದಲೇ ಎಲ್ಲರೂ ಹಿಂದಿನ ಕೋಣೆಗೆ ನುಗ್ಗಿದರು. ಕತ್ತಲ ಕೋಣೆ, ಹೊಗೆ, ಹೊರಸಿನ ಮೇಲೆ ತಲೆಗೆ ಬಟ್ಟೆ ಕಟ್ಟಿಕೊಂಡು ಬೋರಲಾಗಿ ಮಲಗಿದ ಹೆಣ್ಣು. ಕಾಕು ಪ್ರೀತಿಯಿಂದ ಬೆನ್ನು ಸವರಿದರು. ನಾನು ಮುಖ ತಿರುಗಿಸಿದೆ. ಕಾಕು ಹೌಹಾರಿ ಕೈ ಹಿಂದಕ್ಕೆ ಎಳೆದುಕೊಂಡರು. ಮದುವೆಯಾಗದ ನಾನು! ಉಳಿದವರು ಹೊರಸಿನ ಆಚೆ ಈಚೆ ಬಗ್ಗಿ ತೊಟ್ಟಿಲು ಹುಡುಕಿದರು. ಕಡೆಗೆ ಒಬ್ಬರು ಧೈರ್ಯ ಮಾಡಿ ಕೇಳಿದರು.

"ಕೂಸು ಎಲ್ಲಿ ಐತ್ರಿ?"

ಆಯಿ ಉಂಡಿ ಕಟ್ಟುತ್ತಿದ್ದ ಕೈ ನಿಲ್ಲಿಸಲಿಲ್ಲ. "ತಾರ್ನಾಕದಾಗ ಐತಿ. ಕಬ್ಬಣದ ಕೂಸು. ಎತ್ತಾಕ ಹೋಗಿ ಇಕಿ ನಡು ಮುರಕೊಂಡಾಳ."

ಅವ್ವ ಎಲ್ಲವನ್ನೂ ಬಿಡಿಸಿ ಹೇಳಿದಳು. ಹೇಳಿ ಮುಗಿಯುವಷ್ಟರಲ್ಲಿ ಮೊದಲು ಒಬ್ಬರು ಕಿಸಕ್ಕೆಂದರು, ಆಮೇಲೆ ಇನ್ನೊಬ್ಬರು, ಆಮೇಲೆ ಕಾಕು ಗೋಡೆ ಹಿಡಿದು ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೂ ನಗು, ನಕ್ಕರೆ ನಡು ನೋವು, ನೋವಾದರೆ ಇನ್ನೂ ನಗು. ತಂದದ್ದನ್ನು ವಾಪಸು ಒಯ್ಯಬಾರದು ಎಂದು ಟೊಪ್ಪಿಗೆಯನ್ನು ಹೊರಸಿನ ಪಕ್ಕದಲ್ಲಿದ್ದ ನನ್ನ ಡಂಬೆಲ್ಲಿಗೆ ತೊಡಿಸಿದರು. ಒಬ್ಬರು ಅದಕ್ಕೆ ದೃಷ್ಟಿ ತೆಗೆದು ಲಟಿಗೆ ಮುರಿದರು. ಎಲ್ಲರೂ ಅಂಟಿನ ಉಂಡಿ ತಿಂದು, ಕಬ್ಬಿಣದ ಕೂಸನ್ನು ನೋಡಲು ಪಂದ್ಯಕ್ಕೆ ಬಂದೇ ಬರುತ್ತೇವೆ ಎಂದು ಹೇಳಿ ಹೋದರು. ಗಂಡಸರಂಗ ಎತ್ತಬಾರದು ಅನ್ನುವ ಮಾತನ್ನು ಕಾಕು ಆಮೇಲೆ ಆಡಿದ್ದು ನನಗೆ ನೆನಪಿಲ್ಲ.

ಡಾಕ್ಟರ ಹತ್ತಿರ ಎರಡನೆಯ ಸಲ ಹೋದಾಗ ಆಯಿಯೂ ಬಂದಳು. ನನ್ನ ನಡುವಿನ ಸೀರೆ ಬಿಚ್ಚಿಸುತ್ತ ಬಿಚ್ಚಿಸುತ್ತ ಡಾಕ್ಟರಿಗೆ ಸಿಟ್ಟೇರಿತು. ಇಷ್ಟು ಬಿಗಿದರೆ ಉಸಿರಾಡುವುದು ಹೇಗೆ, ಕೆಂಡ ಯಾಕೆ, ದಿನವಿಡೀ ಮಲಗಿಸಿದರೆ ಸ್ನಾಯು ಇನ್ನಷ್ಟು ಸೋತುಹೋಗುತ್ತದೆ, ದಿನಾ ನಡೆಯಬೇಕು, ತಾವು ಹೇಳಿಕೊಡುವ ವ್ಯಾಯಾಮ ಮಾಡಬೇಕು ಎಂದು ರೇಗಿದರು. ಅಪ್ಪ ಅದನ್ನೆಲ್ಲ ಕನ್ನಡಕ್ಕೆ ತಿರುಗಿಸಿ, ಖಾರ ಸ್ವಲ್ಪ ಕಡಿಮೆ ಮಾಡಿ ಹೇಳಿದರು. ಆಯಿ ಬಗ್ಗಲಿಲ್ಲ.

"ಎಷ್ಟು ಬಾಣಂತನ ಮಾಡ್ಯಾಳಂತ ಕೇಳು ಅಕಿನ್ನ."

ಡಾಕ್ಟರು, ಮಾಡಿಲ್ಲ, ಮಾಡಿಸಿಕೊಂಡಿದ್ದೇನೆ, ಅಂದರು. ತಮ್ಮ ಅತ್ತೆ ಹೀಗೇ ಮಲಗಿಸಿದ್ದರಂತೆ, ಎದ್ದು ನಿಂತ ದಿನ ಕಾಲು ನಡುಗಿ ಬಿದ್ದರಂತೆ. ಆಯಿಗೆ ಈ ಉತ್ತರ ಹಿಡಿಸಿತು. ತನ್ನ ಒಬ್ಬ ಸೊಸೆಯೂ ಹಾಗೇ ಬಿದ್ದಿದ್ದಳು ಎಂದು ಒಪ್ಪಿಕೊಂಡಳು. ಇಬ್ಬರೂ ಅಪ್ಪನನ್ನು ನಡುವೆ ಕೂಡಿಸಿಕೊಂಡು ಸಂಧಾನ ಮಾಡಿದರು. ಕೆಂಡ ಹೋಯಿತು. ಸೀರೆ ಹೋಯಿತು. ಬೆಳಿಗ್ಗೆ ಸಂಜೆ ನಡಿಗೆ ಬಂತು. ಉಂಡಿ ಮಾತ್ರ ದಿನಕ್ಕೆ ಒಂದು ಉಳಿಯಿತು. ಆದರೆ ಡಾಕ್ಟರು ಒಂದು ಉಂಡಿ ಅಂದಾಗ ನಿಂಬೆಹಣ್ಣನ್ನು ನೆನೆದಿದ್ದರು, ಆಯಿ ಕಟ್ಟಿದ್ದು ಮೂಸಂಬಿಯಷ್ಟು.

ನಾನು ಮತ್ತೆ ಕ್ಯಾಂಪಸ್ಸಿಗೆ ಹೊರಟ ದಿನ ಆಯಿ ಸುಮ್ಮನೆ ಬಿಡಲಿಲ್ಲ. ಬಾಣಂತಿ ಹೊರಗೆ ಕಾಲಿಡುವ ಮುನ್ನ ಬಾವಿಯ ಹತ್ತಿರ ಗಂಗಿಪೂಜೆ ಆಗಬೇಕು. ಬಾವಿ ಎಲ್ಲಿಂದ ತರುವುದು? ಬೀದಿಯ ನಲ್ಲಿಗೆ ಅರಿಸಿನ ಕುಂಕುಮ ಹಚ್ಚಿ, ಹೂವೇರಿಸಿ, ಆರತಿ ಬೆಳಗಿದಳು. ಕೊಡ ಹಿಡಿದು ಸಾಲಲ್ಲಿ ನಿಂತಿದ್ದ ತೆಲುಗು ಹೆಂಗಸರು ಇದೇನು ಹಬ್ಬ ಎಂದು ಕೇಳಿ, ತಾವೂ ಕೈಮುಗಿದರು. ಅವತ್ತು ನಲ್ಲಿಯಲ್ಲಿ ನೀರು ಸ್ವಲ್ಪ ಜೋರಾಗಿಯೇ ಬಂತು, ಅದರ ಕೀರ್ತಿಯೂ ಆಯಿಗೇ ಹೋಯಿತು.

ವ್ಯಾಯಾಮಶಾಲೆಯಲ್ಲಿ ಕೋಚ್ ಸರ್ ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಮುಳ್ಳನ್ನು ನೋಡಿದರು, ನನ್ನನ್ನು ನೋಡಿದರು, ಯಂತ್ರ ಕೆಟ್ಟಿದೆಯೋ ಎಂದು ತಾವೇ ಹತ್ತಿ ನೋಡಿದರು. ಯಂತ್ರ ಚೆನ್ನಾಗಿಯೇ ಇತ್ತು. ಬಾಣಂತನ ನನ್ನನ್ನು ನನ್ನ ತೂಕದ ವಿಭಾಗದಿಂದ ಎತ್ತಿ ಮೇಲಿನ ವಿಭಾಗಕ್ಕೆ ಒಗೆದಿತ್ತು. ಪುಡಿ ಮಾಡಲಾರದ್ದನ್ನು ಅಂಟಿನ ಉಂಡಿ ಮಾಡಿ ತೋರಿಸಿತ್ತು, ಬರೀ ಸ್ನಾಯುವಿನ ರೂಪದಲ್ಲಿ ಅಲ್ಲ ಅನ್ನುವುದು ಬೇರೆ ಮಾತು. ನಾನು ಗಾಬರಿಯಾದೆ. ಸರ್ ಮಾತ್ರ ನಗತೊಡಗಿದರು. ಮೇಲಿನ ವಿಭಾಗದಲ್ಲಿ ನಮ್ಮ ಕಾಲೇಜಿನ ಪರ ಎತ್ತುತ್ತಿದ್ದ ಹುಡುಗಿ ಮದುವೆಯಾಗಿ ವಿಜಯವಾಡಕ್ಕೆ ಹೋಗಿದ್ದಳು, ಆ ಜಾಗ ಖಾಲಿ ಇತ್ತು. ಒಂದೇ ಒಂದು ಷರತ್ತು ಹಾಕಿದರು. ಬಾರಿನ ಮೇಲೆ ಎಷ್ಟು ಭಾರ ಅನ್ನುವುದು ಅವರ ಮಾತು, ನೋವು ಇದೆಯೋ ಇಲ್ಲವೋ ಅನ್ನುವುದು ನನ್ನ ಮಾತು. ಇಬ್ಬರೂ ಸುಳ್ಳು ಹೇಳಬಾರದು.

ಬರಿಯ ಬಾರಿನಿಂದ ಮತ್ತೆ ಶುರು ಮಾಡಿದೆ. ಬೆನ್ನು ನೆಟ್ಟಗೆ, ಮೊಣಕಾಲು ಬಾಗಿಸು, ಬಾರು ಮೈಗೆ ಹತ್ತಿರ, ಉಸಿರು ಹಿಡಿ. ಮೊದಲು ಬೇಸರ ತರುತ್ತಿದ್ದ ಈ ಮಾತುಗಳು ಈಗ ರುಚಿಸತೊಡಗಿದವು. ಮನೆಯಲ್ಲೂ ಹಾಗೇ ಅಭ್ಯಾಸ ಮಾಡುತ್ತಿದ್ದೆ, ಆಯಿ ಕೂತು ನೋಡುತ್ತಿದ್ದಳು. ಗಲ್ಲಿಯ ಜಿಮ್ಮಿಗೆ ಒಮ್ಮೆ ಹೋಗಿ, ಇನ್ನು ಬರುವುದಿಲ್ಲ ಎಂದು ಉಸ್ತಾದರಿಗೆ ಹೇಳಿಬಂದೆ. ಅವರಿಗೆ ನಿಜಕ್ಕೂ ಬೇಜಾರಾಗಿತ್ತು. ಹೊಸ ಡಬ್ಬಿ ಬಂದಿದೆ, ಹಿಂದಿನದಕ್ಕಿಂತ ಒಳ್ಳೆಯದು, ಸುಮ್ಮನೆ ಒಯ್ಯಿ ಎಂದು ಒತ್ತಾಯ ಮಾಡಿದರು. ಬಾಣಂತಿಗೆ ಕೊಡಬಹುದೇ ಎಂದು ಕೇಳಿದೆ. ಅವರಿಗೆ ಅರ್ಥವಾಗಲಿಲ್ಲ.

ಪಂದ್ಯದ ದಿನ ಕಾಲನಿಯಿಂದ ಒಂದು ಮೆಟಡೋರ್ ಬಂತು. ಆಯಿ, ಅವ್ವ, ಅಪ್ಪ, ಕಾಕು ಮತ್ತು ಅವರ ಪಡೆ. ಇಳಕಲ್ ಸೀರೆಗಳ ಒಂದು ಸಾಲೇ ಗ್ಯಾಲರಿಯಲ್ಲಿ ಕೂತಿತು, ಡಬ್ಬಿ ಬಿಚ್ಚಿ ಅವಲಕ್ಕಿ ಹಂಚಿತು. ನನ್ನ ವಿಭಾಗದಲ್ಲಿ ಇದ್ದವರೇ ಮೂವರು. ಅಂದರೆ ಕಂಚು ಕಟ್ಟಿಟ್ಟದ್ದು, ಆದರೆ ತಂಡಕ್ಕೆ ಬೇಕಿದ್ದದ್ದು ಎರಡನೆಯ ಸ್ಥಾನ. ಮೊದಲನೆಯವಳು ಯಾರ ಕೈಗೂ ಸಿಗದಷ್ಟು ಮುಂದಿದ್ದಳು. ಎರಡನೆಯವಳೂ ನಾನೂ ಬೆನ್ನುಬೆನ್ನಿಗೆ ಬಂದೆವು. ಡೆಡ್‌ಲಿಫ್ಟಿನಲ್ಲಿ ಮೂರು ಅವಕಾಶ. ಮೊದಲನೆಯದು ಸುಲಭವಾಗಿ ಬಂತು. ಎರಡನೆಯದೂ ಬಂತು, ತೀರ್ಪುಗಾರರು ಸರಿ ಎಂದದ್ದಕ್ಕೆ ಮೂರು ಬಿಳಿ ದೀಪ ಹತ್ತಿದವು, ಕಾಕು ಎದ್ದು ನಿಂತು ಸೀಟಿ ಹೊಡೆದರು. ಕಾಕು ಸೀಟಿ ಹೊಡೆಯುತ್ತಾರೆ ಅನ್ನುವುದು ಅವತ್ತಿನವರೆಗೆ ಅವರ ಗಂಡ ಕಾಕಾನಿಗೂ ಗೊತ್ತಿರಲಿಲ್ಲ.

ಮೂರನೆಯದನ್ನು ಎತ್ತಿದರೆ ನಾನು ಎರಡನೆಯವಳು, ಎತ್ತದಿದ್ದರೆ ಮೂರನೆಯವಳು. ಇನ್ನೂ ಎರಡು ಚಿಕ್ಕ ತಟ್ಟೆ ಹಾಕಿದ್ದರು, ಅಷ್ಟೆ. ನನ್ನ ತೋಳು ಎತ್ತಬಲ್ಲದು, ಕಾಲು ಎತ್ತಬಲ್ಲದು, ಅದು ನನಗೆ ಗೊತ್ತಿತ್ತು. ಆದರೆ ಎರಡನೆಯ ಸಲ ಬಾರು ಇಳಿಸುವಾಗ ನಡುವಿನ ಬಲಗಡೆ, ಅದೇ ಜಾಗದಲ್ಲಿ, ಬಿಸಿಯಾದ ಒಂದು ಎಳೆ ಹರಿದಾಡಿತ್ತು. ನೋವು ಅನ್ನುವಷ್ಟೂ ಇರಲಿಲ್ಲ. ಉಸ್ತಾದರು ಯಾವಾಗಲೋ ಬಂದು ಹಿಂದೆ ನಿಂತಿದ್ದರು, "ಉಠಾ ಬೇಟಿ, ಉಠಾ" ಎಂದು ಒಂದೇ ಸಮನೆ ಕೂಗುತ್ತಿದ್ದರು. ಗ್ಯಾಲರಿಯಿಂದ ಕಾಕುವಿನ ಪಡೆ ಕೂಗುತ್ತಿತ್ತು. ಬಾರು ಜಾರದಂತೆ ಕೈಗೆ ಬಿಳಿಪುಡಿ ಹಚ್ಚಿಕೊಂಡೆ. ಬಾರಿನತ್ತ ನಾಲ್ಕು ಹೆಜ್ಜೆ ನಡೆದೆ. ಎತ್ತಬೇಕು ಎಂದು ಮೈಯೆಲ್ಲ ಕುದಿಯುತ್ತಿತ್ತು. ನೀಲಿ ಕೋಟು ಕಣ್ಣ ಮುಂದೆಯೇ ಇತ್ತು. ಕೋಚ್ ಸರ್ ಹುಬ್ಬೇರಿಸಿ ನನ್ನನ್ನೇ ನೋಡುತ್ತಿದ್ದರು, ನೋವು ಇದೆಯೇ ಎಂದು ಕಣ್ಣಲ್ಲೇ ಕೇಳುತ್ತಿದ್ದರು.

ಇದೆ, ಸರ್, ಅಂದೆ. ಅಂದು ತಿರುಗಿ ಬಂದೆ.

ಅವರು ತೀರ್ಪುಗಾರರಿಗೆ ಕೈ ಆಡಿಸಿದರು. ಅಷ್ಟಕ್ಕೆ ಮುಗಿಯಿತು. ನಾನು ಗೋಡೆಯ ಕಡೆ ಮುಖ ಮಾಡಿ ಬಿಕ್ಕಿಬಿಕ್ಕಿ ಅತ್ತೆ. ಎತ್ತಿ ಸೋತಿದ್ದರೆ ಇಷ್ಟು ಅಳುತ್ತಿರಲಿಲ್ಲ. ಎತ್ತದೆ ಬಂದದ್ದಕ್ಕೆ ನನ್ನ ಮೇಲೇ ಕೆಟ್ಟ ಸಿಟ್ಟು ಬಂದಿತ್ತು. ಕಾಕು ಇಳಿದು ಬಂದು, "ಯಾಕವಾ, ಎತ್ತಲೇ ಇಲ್ಲಲ್ಲ?" ಎಂದು ಕೇಳಿದರು. ಅಪ್ಪ ಅವರನ್ನು ಆ ಕಡೆ ಕರೆದೊಯ್ದರು. ಆಯಿ ಬಂದು ನನ್ನ ನಡು ಒತ್ತಿ ಒತ್ತಿ ನೋಡಿದಳು, ಹಣ್ಣು ನೋಡಿದ ಹಾಗೆ. ಆಮೇಲೆ ಕೊರಳಲ್ಲಿದ್ದ ಕಂಚಿನ ಪದಕವನ್ನು ಉಗುರಿನಿಂದ ಟಿಣ್ ಅನ್ನಿಸಿ, "ಬೆಳ್ಳಿದು ತಗೊಂಡು ದಿನಾ ತಿಕ್ಕವರು ಯಾರು? ಇದ ಚೊಲೋ" ಅಂದಳು. ಅಳುತ್ತಲೇ ನಕ್ಕೆ.

ಆ ವರ್ಷ ತಂಡದಲ್ಲಿ ನನಗೆ ಜಾಗ ಸಿಗಲಿಲ್ಲ. ಮರುವರ್ಷ ಸಿಕ್ಕಿತು. ನೀಲಿ ಕೋಟು ತೋಳಲ್ಲಿ ಬಿಗಿಯಾಗಿತ್ತು, ಅವ್ವ ಹೊಲಿಗೆ ಬಿಚ್ಚಿ ಸಡಿಲ ಮಾಡಿದಳು. ಆಮೇಲೂ ನಾನು ಎತ್ತುವುದನ್ನು ಬಿಡಲಿಲ್ಲ. ಕೆಲಸಕ್ಕೆ ಸೇರಿದೆ, ಮದುವೆಯಾದೆ, ಹಡೆದೆ, ಈ ಸಲ ಖರೇ ಬಾಣಂತನವನ್ನೂ ಆಯಿಯೇ ಮಾಡಿಸಿದಳು. ಮಾದಾಪುರದಲ್ಲಿ ಗಾಜಿನ ಕಟ್ಟಡಗಳು ಎದ್ದವು, ಅವುಗಳ ನೆಲಮಾಳಿಗೆಯಲ್ಲಿ ಹವಾನಿಯಂತ್ರಿತ ಜಿಮ್ಮುಗಳು ಬಂದವು, ಹೊಳೆಯುವ ಡಬ್ಬಿಗಳು ಗಾಜಿನ ಕಪಾಟಿನಲ್ಲಿ ಸಾಲಾಗಿ ಕೂತವು. ಅಲ್ಲಿ ಯಾರಾದರೂ ಹುಡುಗಿ, ಆಂಟಿ, ಇದು ತಗೊಳ್ಳಬಹುದಾ, ಎಂದು ಕೇಳಿದರೆ ಮೊದಲು ಡಾಕ್ಟರನ್ನು ಕೇಳು ಅನ್ನುತ್ತೇನೆ. ಬಾಣಂತಿಯ ಮಾತನ್ನು ಹೇಳಬೇಕೆಂದು ಬಾಯಿ ತುರಿಸುತ್ತದೆ, ತಡೆದುಕೊಳ್ಳುತ್ತೇನೆ.

ಕುಷಾಯಿಗೂಡದ ಮನೆ ಇದ್ದ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಾಗ ಅಪ್ಪನಿಗೆ ಮೂರನೆಯ ಮಹಡಿ ಬಂತು. ಆಯಿಗೆ ಆಗಲೇ ಎಂಬತ್ತು ದಾಟಿತ್ತು, ಕಾಲು ಕೈಕೊಟ್ಟಿದ್ದವು. ಎದುರುಸಾಲಿನಲ್ಲೇ ಮನೆ ಕಟ್ಟಿಸಿದ್ದ ಕಾಕು ತಮ್ಮ ಮೊಮ್ಮಗಳ ಕುಬಸಕ್ಕೆ ಆಯಿಯನ್ನು ಕರೆದಿದ್ದರು. ಬಸುರಿಗೆ ಮೊದಲ ಉಡಿ ತುಂಬುವವಳು ಆಯಿಯೇ ಆಗಬೇಕು, ಅದು ಕಾಕುವಿನ ಹಟ. ಅವತ್ತು ನೋಡಿದರೆ ಲಿಫ್ಟು ಕೆಟ್ಟು ನಿಂತಿತ್ತು. ಅಪ್ಪ ಕುರ್ಚಿ ತರಿಸಿ, ನಾಲ್ಕು ಜನ ಗಂಡಸರನ್ನು ಕರೆಯುತ್ತೇನೆ ಅಂದರು. ಆಯಿ ಸೀರೆ ಉಟ್ಟು ತಯಾರಾಗಿ ಮಂಚದ ಮೇಲೆ ಕೂತಿದ್ದಳು. ಅಪ್ಪನ ಮಾತು ಮುಗಿಯುವ ಮೊದಲೇ ನನ್ನ ಕಡೆ ಎರಡೂ ಕೈ ಚಾಚಿದಳು.

ನಾನು ಅವಳ ಮುಂದೆ ಕೂತೆ. ಒಂದು ತೋಳು ಬೆನ್ನಿನ ಹಿಂದೆ, ಒಂದು ಮೊಣಕಾಲಿನ ಕೆಳಗೆ. ಆಯಿ ನನ್ನ ಕೊರಳು ತಬ್ಬಿಕೊಂಡು ಕ್ರಮವಾಗಿ ಹೇಳುತ್ತಾ ಹೋದಳು, "ಬೆನ್ನು ನೆಟ್ಟಗ. ಮೈಗೆ ಹತ್ತಿ ಹಿಡಿ. ಉಸಿರು ಹಿಡಿ. ಹೂಂ, ಏಳು." ಎದ್ದೆ. ಹಕ್ಕಿಯಷ್ಟು ಹಗುರ ಎಂದು ಬರೆಯಬಹುದಿತ್ತು, ಆದರೆ ಹಾಗಿರಲಿಲ್ಲ. ಜೀವನವಿಡೀ ತುಪ್ಪ ತಿಂದ ಮೈ. ಒಂದೊಂದೇ ಮೆಟ್ಟಿಲು ಇಳಿದೆ. ಪ್ರತಿ ಮಹಡಿಯಲ್ಲೂ ಬಾಗಿಲು ತೆರೆದು ನೋಡಿದವರಿಗೆಲ್ಲ ಆಯಿ ತಲೆಯಾಡಿಸಿ, ಹೆಂಗದೀರಿ ಎಂದು ವಿಚಾರಿಸಿದಳು. ಕೆಳಗೆ ಬಂದು, ಗೇಟು ದಾಟಿ, ಬಿಸಿಲಿಗೆ ನಿಂತೆ. ಎದುರಿನ ಮನೆಯ ಬಾಗಿಲಲ್ಲಿ ಕಾಕು ಆರತಿ ಹಿಡಿದು ಕಾಯುತ್ತಿದ್ದರು.

ಆಯಿ ನನ್ನ ಕಿವಿಯ ಹತ್ತಿರ ಬಾಯಿ ತಂದು ಕೇಳಿದಳು.

"ನಡು ನೋಯ್ತೈತೇನು?"

"ಇಲ್ಲ ಆಯಿ."

"ಖರೆ ಹೇಳು."

"ಖರೇನೂ ಇಲ್ಲ."

"ಹಂಗಾದ್ರ ಈಗ ಇಳಸಬ್ಯಾಡ. ಓಣಿ ತುದಿತನಕ ಹೋಗಿ ಬರೂನು, ಎಲ್ಲಾರೂ ನೋಡ್ಲಿ."

ಕಾಕು ಆರತಿ ಹಿಡಿದು ಬಾಗಿಲಲ್ಲೇ ನಿಂತಿದ್ದರು. ನಾನು ಆಯಿಯನ್ನು ಎತ್ತಿಕೊಂಡು ಓಣಿಯ ತುದಿತನಕ ಹೋಗಿಬಂದೆ.